ಸವಾಯಿ ಗಂಧರ್ವರು

ಕೇಳುವವರ ಕಣ್ಣು ಒದ್ದೆಯಾಗುವಂತೆ ಹಾಡಬೇಕಾದರೆ ಹುಟ್ಟಿನಿಂದಲೇ ಇಂಪಾದ ಕಂಠವಿರಬೇಕೆಂದು ನಾವು ತಿಳಿದಿದ್ದೇವೆ. ಮಗುವಿನ ದನಿ ತುಸು ಒರಟಾಗಿದ್ದರೆ, ಸಂಗೀತ ಇದರ ಹಣೆಯಲ್ಲಿ ಬರೆದಿಲ್ಲವೆಂದು ಪಾಠ ಬಿಡಿಸುವ ತಾಯಿತಂದೆಗಳೂ ಉಂಟು. ಅಂಥವರು ಕುಂದಗೋಳದ ರಾಮಭಾವು ಅವರ ಬಾಳನ್ನು ಒಮ್ಮೆ ನೆನೆಯಬೇಕು.

ಇಂದು ಧಾರವಾಡ ಜಿಲ್ಲೆಯಲ್ಲಿರುವ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಮಚಂದ್ರ ಗಣೇಶ ಸೌಂಶಿ ಅವರು ೧೮೮೬ರ ಜನವರಿ ೧೯ರಂದು ಜನಿಸಿದರು. ತಂದೆ ಗಣೇಶರಾಯರು ನಾಡಿಗೇರ ಮನೆತನದಲ್ಲಿ ಗುಮಾಸ್ತರು. ಹುಡುಗನನ್ನು ಹುಬ್ಬಳ್ಳಿಯ ಶಾಲೆಗೆ ಹಾಕಿದರೂ ಮನಸ್ಸು ಪುಸ್ತಕದಲ್ಲಿ ನಿಲ್ಲಲಿಲ್ಲ. ಬಲವಂತರಾವ್ ಕೊಲ್ಹಟಕರರಲ್ಲಿ ಧ್ರುಪದ, ತರಾನಾಗಳ ಪಾಠವಾಯಿತು. ಮುಂದೆ ನಾಡಿಗೇರ ವಾಡೆಗೆ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರ ಗಾಯನ ಕೇಳಿ, ಕಲಿತರೆ ಇದನ್ನೇ ಕಲಿಯಬೇಕೆಂದು ನಿಶ್ಚಯಿಸಿದರು. ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಕರಾರಿನ ಮೇಲೆ ಖಾನ್‌ಸಾಹೇಬರು ಒಪ್ಪಿದರೆಂದು ಪ್ರತೀತಿ.

ಗುರುವಿನ ದನಿಯೋ ರೇಶಿಮೆಯ ಎಳೆ. ಶಿಷ್ಯನ ದನಿ ಹರೆಯದಲ್ಲಿ ಒಡೆದು ಗಡುಸಾಗಿತ್ತು. ರಾಮಭಾವು ಧೈರ್ಯಗೆಡದೆ ಒಂದೊಂದು ಸ್ವರವನ್ನೂ ತಿಕ್ಕಿ ತೀಡಿದರು. ಪ್ರಸಿದ್ಧರಾದ ಮೇಲೆಯೂ ಕಚೇರಿಯ ಮೊದಲಿಗೆ ಅವರ ಕಂಠ ಸುಲಭವಾಗಿ ಒಲಿಯುತ್ತಿರಲಿಲ್ಲ. ಬಲ್ಲವರು ಕಾದು ಕುಳಿತಿರುತ್ತಿದ್ದರು. ನಿಧಾನವಾಗಿ ರಾಗ ಬೆಳೆದಂತೆ ದನಿ ಕರಗಿ, ಸಭೆಯೂ ಕರಗುತ್ತಿತ್ತು. ಕಷ್ಟಪಟ್ಟು ಮುಟ್ಟಿದ ಆ ಸ್ವರದಲ್ಲಿ ಕೇಳುವವರು ತಮ್ಮ ಕಷ್ಟವನ್ನೂ ಕಂಡುಕೊಂಡಿರಬೇಕು.

ಗುರುವಿಗೆ ಮನಸ್ಸಿಲ್ಲದಿದ್ದರೂ ಅವರು ಮರಾಠಿ ರಂಗಭೂಮಿಯನ್ನು ಸೇರಿದರು. ಸ್ತ್ರೀಪಾತ್ರ ವಹಿಸಿ, ‘ಸೌಭದ್ರ’ದ ಸುಭದ್ರೆಯಾಗಿ ಜನಮನ ಗೆದ್ದರು. ಆಗ ಬಾಲಗಂಧರ್ವರ ಕೀರ್ತಿ ಎಲ್ಲೆಡೆ ಹಬ್ಬಿದ್ದ ಕಾಲ. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ರಾಮಭಾವು ಅವರಿಗೆ ಸವಾಯಿ ಗಂಧರ್ವರೆಂಬ ಬಿರುದನ್ನಿತ್ತರು. ಸವಾಯಿ ಎಂದರೆ ಒಂದೂಕಾಲು. ಲೆಕ್ಕ ಬರೆಯುವ ನನಗೆ ತೋರುವುದಿಷ್ಟು: ಒಂದು ದೈವದತ್ತವಾದರೆ, ಮೇಲಿನ ಕಾಲು ಪೂರ್ತಿ ದುಡಿಮೆಯ ಗಳಿಕೆ.

ನಾಟಕದ ಬಾಳು ಮುಗಿಸಿ ಊರಿಗೆ ಮರಳಿದ ಮೇಲೆ ಅವರು ಗಳಿಸಿದ್ದನ್ನೆಲ್ಲ ಹಂಚಿದರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗದುಗಿನ ಭೀಮಸೇನ ಜೋಶಿಯವರು ಗುರುವಿನ ಮನೆಗೆ ನೀರು ಹೊತ್ತು ಕಲಿತರು. ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಅವರೂ ಶಿಷ್ಯರೇ. ೧೯೪೨ರಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ಪ್ರಯಾಸದಿಂದ ಒಲಿಸಿಕೊಂಡ ಕಂಠ ಕೈಬಿಟ್ಟಿತು. ಆದರೆ ಆ ಹಾಡು ಆಗಲೇ ಬೇರೆ ಕಂಠಗಳಲ್ಲಿ ಮನೆ ಮಾಡಿತ್ತು. ೧೯೫೨ರ ಸೆಪ್ಟೆಂಬರ್ ೧೨ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು; ಅದನ್ನು ಭೀಮಸೇನರು ದಶಕಗಳ ಕಾಲ ನಡೆಸಿದರು. ಕುಂದಗೋಳದ ವಾಡೆಯಲ್ಲಿಯೂ ಅವರ ಪುಣ್ಯಸ್ಮರಣೆಯ ಗಾಯನ ನಡೆದುಬಂದಿದೆ.

ಮನೆಮಾತು ಕನ್ನಡ, ರಂಗದ ಮಾತು ಮರಾಠಿ, ಗುರು ಉತ್ತರದ ಕೈರಾನಾದವರು. ಪರಭಾಷೆಯಲ್ಲಿ ಹೆಸರು ಮಾಡಿಯೂ ಸವಾಯಿ ಗಂಧರ್ವರು ಕುಂದಗೋಳವನ್ನು ಮರೆಯಲಿಲ್ಲ. ಬೀದಿಯಲ್ಲಿ ತೆಲುಗು, ಉರ್ದು ಆಡಿ ಸಂಜೆ ಮನೆಯಲ್ಲಿ ಕನ್ನಡ ಆಡುವ ಹೈದರಾಬಾದಿನ ನಮಗೆ ಅವರು ದೂರದವರಲ್ಲ. ಈ ರಾಜ್ಯೋತ್ಸವದ ದಿನ ನಮ್ಮ ಮಕ್ಕಳಿಗೆ ಅವರ ಭೈರವಿಯ ಧ್ವನಿಮುದ್ರಿಕೆಯನ್ನು ಕೇಳಿಸೋಣ. ಒರಟು ದನಿಯ ಮಗುವಿದ್ದರೆ ಅದನ್ನು ಹತ್ತಿರವೇ ಕೂರಿಸಿಕೊಳ್ಳೋಣ.