ತೂಕದ ವೈರಿ, ತಿದ್ದುಪಡಿಯ ಮೋಹಿ: ಕಾಲಿನ್ ಚಾಪ್‌ಮನ್

ಲೋಟಸ್ ಎಂದರೆ ನಮ್ಮವರ ಮನಸ್ಸಿಗೆ ಬರುವುದು ತಾವರೆ. ಇಂಗ್ಲೆಂಡಿನ ಮೋಟಾರು ಪ್ರಿಯರಿಗೆ ಅದೇ ಹೆಸರು ಕಳೆದ ಶತಮಾನದ ಐವತ್ತರ ದಶಕದಿಂದ ಪುಟ್ಟ, ಹಗುರವಾದ, ಮಿಂಚಿನಂತೆ ತಿರುಗುವ ಕಾರೊಂದನ್ನು ನೆನಪಿಸುತ್ತದೆ. ತಮ್ಮ ಕಾರಿಗೆ ಈ ಹೆಸರನ್ನು ಏಕೆ ಇಟ್ಟರೆಂಬ ಗುಟ್ಟನ್ನು ಅದರ ಜನಕ ಕಾಲಿನ್ ಚಾಪ್‌ಮನ್ ಕೊನೆಯವರೆಗೂ ಬಿಡಿಸಿ ಹೇಳಲಿಲ್ಲ. ಅವರು ಉಳಿಸಿಹೋದ ಗುಟ್ಟು ಅದೊಂದೇ ಅಲ್ಲವೆಂಬುದು ಮರಣಾನಂತರ ಜಗತ್ತಿಗೆ ತಿಳಿಯಿತು.

ಆಂಟನಿ ಕಾಲಿನ್ ಬ್ರೂಸ್ ಚಾಪ್‌ಮನ್ ಜನಿಸಿದ್ದು 1928ರ ಮೇ 19ರಂದು, ಸರ್ರೆಯ ರಿಚ್‌ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲನ್ನು ನಡೆಸುತ್ತಿದ್ದರು. ಮಗ ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಯ ಎಂಜಿನಿಯರಿಂಗ್ ಓದಿದ. ವಿಶ್ವವಿದ್ಯಾನಿಲಯದ ವಾಯುದಳಕ್ಕೆ ಸೇರಿ ವಿಮಾನ ಹಾರಿಸುವುದನ್ನೂ ಕಲಿತ. ಸೇತುವೆಯ ತೊಲೆ ಎಷ್ಟು ಭಾರ ಹೊರಬಲ್ಲದು, ವಿಮಾನದ ರೆಕ್ಕೆ ಎಷ್ಟು ಹಗುರವಾಗಿರಬಹುದು ಎಂಬ ಎರಡು ವಿದ್ಯೆಗಳು ಒಂದೇ ತಲೆಯಲ್ಲಿ ಕೂಡಿದ್ದರ ಫಲವೇ ಮುಂದಿನ ಲೋಟಸ್ ಎನ್ನಬಹುದು.

ವಿದ್ಯಾರ್ಥಿಯಾಗಿದ್ದಾಗಲೇ ಚಾಪ್‌ಮನ್ ಗೆಳೆಯನೊಬ್ಬನ ಜೊತೆ ಹಳೆಯ ಕಾರುಗಳ ವ್ಯಾಪಾರಕ್ಕೆ ಇಳಿದಿದ್ದರು. 1947ರಲ್ಲಿ ಸರ್ಕಾರ ಖಾಸಗಿ ವಾಹನಗಳ ಮೂಲ ಪೆಟ್ರೋಲ್ ಪಡಿತರವನ್ನು ರದ್ದುಗೊಳಿಸಿದಾಗ ಆ ವ್ಯಾಪಾರ ಮುಳುಗಿತು. ದಾಸ್ತಾನನ್ನೆಲ್ಲ ನಷ್ಟಕ್ಕೆ ಮಾರಿದ ಮೇಲೆ ಉಳಿದದ್ದು ಕೊಳ್ಳುವವರಿಲ್ಲದ 1930ರ ಆಸ್ಟಿನ್ ಸೆವೆನ್ ಒಂದೇ. ಮುಂದೆ ಪತ್ನಿಯಾದ ಹೇಜಲ್ ವಿಲಿಯಮ್ಸ್ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ, ಹೊಸ ಮೈ ತೊಡಿಸಿ ಕಟ್ಟಿದ್ದೇ ಮೊದಲ ಲೋಟಸ್. 1951ರ ಮೂರನೆಯ ಕಾರಿನಲ್ಲಿ ಅವರು ಆಸ್ಟಿನ್ ಎಂಜಿನ್ನಿನ ಜೋಡಿ ಗಾಳಿದ್ವಾರಗಳ ನಡುವೆ ತಡಿಕೆ ಹಾಕಿ, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಉಸಿರು ಒದಗಿಸಿದರು. ಎದುರಾಳಿಗಳಿಗೆ ಆ ಕಾರನ್ನು ಹಿಡಿಯಲಾಗಲಿಲ್ಲ. ಆ ಉಪಾಯವನ್ನು ನಿಷೇಧಿಸಲು ನಿಯಮವನ್ನೇ ತಿದ್ದಬೇಕಾಯಿತು. ನಿಯಮದ ಸಾಲುಗಳ ನಡುವೆ ನುಸುಳುವ ಈ ಚಾಳಿ ಅವರನ್ನು ಜೀವಮಾನವಿಡೀ ಬಿಡಲಿಲ್ಲ.

1952ರಲ್ಲಿ ಲೋಟಸ್ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಆಗ ಇಂಗ್ಲೆಂಡಿನಲ್ಲಿ ಸಿದ್ಧ ಕಾರಿಗೆ ಭಾರಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಿಗೆ ಇರಲಿಲ್ಲ. ಆದ್ದರಿಂದ ಕಾರನ್ನು ಬಿಡಿಬಿಡಿಯಾಗಿಯೇ ಮಾರುವುದು, ಗಿರಾಕಿ ಮನೆಯಲ್ಲಿ ಜೋಡಿಸಿಕೊಳ್ಳುವುದು ಎಂಬ ಕ್ರಮ ಹುಟ್ಟಿತು. ಜೋಡಣೆಯ ಸೂಚನೆ ಕೊಟ್ಟರೆ ತೆರಿಗೆ ಬೀಳುತ್ತಿದ್ದುದರಿಂದ ಬಿಚ್ಚುವ ಸೂಚನೆಯನ್ನು ಕೊಟ್ಟು ಅದನ್ನು ಹಿಂದುಮುಂದಾಗಿ ಓದಿಕೊಳ್ಳಲು ಬಿಡುತ್ತಿದ್ದರೆಂಬ ಕಥೆ ಇಂದಿಗೂ ಪ್ರಚಲಿತ. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ಬಗೆಯ ಕಾರುಗಳ ಕಿರೀಟ. 1960ರಲ್ಲಿ ಅದರ ಎರಡನೆಯ ಸರಣಿ ಬಂದಾಗ ಚೌಕಟ್ಟಿನಿಂದ ಹಲವು ಕೊಳವೆಗಳು ಮಾಯವಾಗಿದ್ದವು. ಮೂತಿ ಮತ್ತು ಮಡ್‌ಗಾರ್ಡ್‌ಗಳು ಅಲ್ಯೂಮಿನಿಯಂ ಬದಲು ಫೈಬರ್‌ಗ್ಲಾಸ್‌ನವಾದವು. ಖರ್ಚೂ ತಗ್ಗಿತು, ತೂಕವೂ ತಗ್ಗಿತು. ಆದರೆ ಹಿಂದಿನ ಆಕ್ಸಲ್ಲಿನ ಹೊಟ್ಟೆಗೇ ಬಿಗಿದ ಹೊಸ ಆಸರೆ ಆ ಭಾಗದ ಮೇಲೆ ಒತ್ತಡ ಹೇರಿ ಎಣ್ಣೆ ಸೋರುವಂತೆ ಮಾಡಿತು. ತೆಗೆದದ್ದು ಸರಿಯೋ ಹೆಚ್ಚಾಯಿತೋ ಎಂಬ ತೀರ್ಪನ್ನು ಕೊಡುತ್ತಿದ್ದವನು ಕಾರನ್ನು ಕೊಂಡ ಗಿರಾಕಿ.

ಅದೇ 1957ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಕಂಡ ಎಲೀಟ್ ಕಾರಿಗೆ ಚಾಸಿಯೇ ಇರಲಿಲ್ಲ. ಇಡೀ ಮೈಯೇ ಫೈಬರ್‌ಗ್ಲಾಸಿನ ಚಿಪ್ಪು. ನೋಡಲು ಅಪ್ಸರೆ, ಲೆಕ್ಕಪುಸ್ತಕದಲ್ಲಿ ಮಾರಿ. ಮೊದಲ ಮೈಗಳನ್ನು ಒಂದು ಸಂಸ್ಥೆ ಮಾಡಿಕೊಟ್ಟರೆ ಅನಂತರದ ಮೈಗಳನ್ನು ಬ್ರಿಸ್ಟಲ್ ವಿಮಾನ ಕಂಪನಿ ಮಾಡಿಕೊಟ್ಟಿತು. ಎರಡನೆಯ ಸರಣಿಯಲ್ಲಿ ಹಿಂದಿನ ಸಸ್ಪೆನ್ಷನ್ ಬದಲಾಯಿತು. 1963ರವರೆಗೆ ಸುಮಾರು ಸಾವಿರ ಕಾರುಗಳಷ್ಟೇ ತಯಾರಾದವು, ಮಾರಾಟವಾದ ಪ್ರತಿಯೊಂದೂ ಸಂಸ್ಥೆಗೆ ನಷ್ಟವನ್ನೇ ತಂದಿತು.

ಆ ನಷ್ಟದ ಪಾಠದಿಂದ ಹುಟ್ಟಿದ್ದು 1962ರ ಎಲಾನ್. ವಿನ್ಯಾಸದ ಹೊಣೆ ರಾನ್ ಹಿಕ್‌ಮನ್ ಅವರದು. ಇದನ್ನೂ ಚಾಸಿಯಿಲ್ಲದ ಚಿಪ್ಪಾಗಿಯೇ ಮಾಡುವ ಇರಾದೆ ಮೊದಲಿಗೆ ಇತ್ತು. ಮೇಲ್ಛಾವಣಿಯಿಲ್ಲದ ಕಾರಿಗೆ ಅದು ಒಗ್ಗಲಿಲ್ಲ. ಎಂಜಿನ್, ಚಕ್ರಗಳನ್ನು ಪರೀಕ್ಷಿಸಲೆಂದು ತಾತ್ಕಾಲಿಕವಾಗಿ ಬಾಗಿಸಿದ ಉಕ್ಕಿನ ತಗಡಿನ ಬೆನ್ನೆಲುಬೊಂದು ಅನಿರೀಕ್ಷಿತವಾಗಿ ಗಟ್ಟಿಯಾಗಿ ಕಂಡದ್ದರಿಂದ ಅದೇ ಕಾಯಂ ಆಯಿತು. ಆ ಬೆನ್ನೆಲುಬಿನ ಮುಂಭಾಗದ ಅಡ್ಡತೊಲೆಯ ಪೊಳ್ಳನ್ನು ಕೂಡ ಚಾಪ್‌ಮನ್ ವ್ಯರ್ಥವಾಗಿ ಬಿಡಲಿಲ್ಲ. ಹೆಡ್‌ಲೈಟುಗಳನ್ನು ಮೇಲೆತ್ತುವ ನಿರ್ವಾತ ವ್ಯವಸ್ಥೆಗೆ ಅದನ್ನೇ ತೊಟ್ಟಿಯಾಗಿ ಬಳಸಿದರು. ಒಂದು ಭಾಗದಿಂದ ಎರಡು ಕೆಲಸ ಮಾಡಿಸುವುದೆಂದರೆ ಅವರಿಗೆ ಹಬ್ಬ. ವರ್ಷಗಳುರುಳಿ ತೊಲೆಗೆ ತುಕ್ಕು ಹಿಡಿದಾಗ ಎರಡೂ ಕೆಲಸಗಳು ಒಟ್ಟಿಗೇ ಕೆಟ್ಟವೆಂಬುದು ಬೇರೆ ಮಾತು.

ಎಲಾನ್ ಹನ್ನೊಂದು ವರ್ಷ ತಯಾರಾಯಿತು. ಹೆಸರು ಒಂದೇ, ಕಾರು ಮಾತ್ರ ಸದಾ ಬದಲಾಗುತ್ತಿತ್ತು. ಮೊದಲ 22 ಕಾರುಗಳಿಗೆ 1,498 ಸಿಸಿ ಎಂಜಿನ್ ಇತ್ತು. ಅವನ್ನು ವಾಪಸು ಕರೆಸಿ 1,558 ಸಿಸಿ ಎಂಜಿನ್ ಕೂರಿಸಿಕೊಟ್ಟರು. 1964ರ ಎರಡನೆಯ ಸರಣಿಗೆ ಮುಂದಿನ ಬ್ರೇಕುಗಳು ದೊಡ್ಡವಾದವು, ಡ್ಯಾಶ್‌ಬೋರ್ಡಿಗೆ ಅಗಲಕ್ಕೂ ಮರದ ಹಲಗೆ ಬಂತು. ಅಲ್ಲಿಯವರೆಗೆ ಬಾಗಿಲ ಗಾಜನ್ನು ಕೈಯಿಂದಲೇ ಎಳೆದು ಏರಿಸಬೇಕಿತ್ತು. 1965ರಿಂದ ಬಂದ ಮೂರನೆಯ ಸರಣಿ ಅದಕ್ಕೆ ಚೌಕಟ್ಟನ್ನೂ ವಿದ್ಯುತ್ ಮೋಟಾರನ್ನೂ ಕೊಟ್ಟಿತು. ಡಿಕ್ಕಿಯೊಳಗೆ ನೀರು ಇಳಿಯದಂತೆ ಅದರ ಮುಚ್ಚಳವನ್ನು ಹಿಂದಿನ ಅಂಚಿನವರೆಗೆ ಚಾಚಲಾಯಿತು. 1968ರ ನಾಲ್ಕನೆಯ ಸರಣಿಗೆ ಅಗಲವಾದ ಚಕ್ರಗಳನ್ನು ಹೊದೆಯುವಂತೆ ಮೈ ಉಬ್ಬಿತು. ಅದರಲ್ಲಿ ವೆಬರ್ ಬದಲು ಸ್ಟ್ರಾಂಬರ್ಗ್ ಕಾರ್ಬುರೇಟರ್ ಕೂರಿಸಿ, ಅದಕ್ಕೆಂದು ಬಾನೆಟ್ಟಿನ ಮೇಲೆ ಗುಬುಟು ಎಬ್ಬಿಸಿ, ಕೆಲಕಾಲದ ಬಳಿಕ ಮತ್ತೆ ವೆಬರ್‌ಗೇ ಮರಳಿದರು. ಕೊನೆಗೆ 1971ರಲ್ಲಿ ಬಂದದ್ದು ಸ್ಪ್ರಿಂಟ್. ಟೋನಿ ರಡ್ ಅವರ ಕೈಚಳಕದಿಂದ ದೊಡ್ಡ ವಾಲ್ವುಗಳ ಎಂಜಿನ್ 126 ಅಶ್ವಶಕ್ತಿಗೆ ಏರಿತು. ಆರಂಭದ ಎಲಾನಿನದು ಸುಮಾರು 105 ಮಾತ್ರ. ಚಕ್ರಕ್ಕೆ ಶಕ್ತಿ ತಲಪಿಸುವ ರಬ್ಬರ್ ಬಳೆಗಳು ಆ ಹೆಚ್ಚಿನ ಬಲ ತಾಳಲೆಂದು ಅವನ್ನೂ ಗಟ್ಟಿ ಮಾಡಲಾಯಿತು.

ದೊಡ್ಡ ಕಾರ್ಖಾನೆಗಳಲ್ಲಿ ಇಂತಹ ತಿದ್ದುಪಡಿಗೆ ಹೊಸ ಅಚ್ಚು, ಹೊಸ ಯಂತ್ರ, ಲಕ್ಷಾಂತರ ಪೌಂಡು ಬೇಕು. ಕಡಿಮೆ ಸಂಖ್ಯೆಯಲ್ಲಿ ಫೈಬರ್‌ಗ್ಲಾಸ್ ಮೈ ಎರಕ ಹೊಯ್ಯುವ ಪುಟ್ಟ ಸಂಸ್ಥೆಗೆ ಆ ಕಷ್ಟವಿಲ್ಲ. ಯಾವ ಬಿಡಿಭಾಗ ಕೈಗೆ ಸಿಕ್ಕಿತೋ, ಯಾವ ದೂರು ಹೆಚ್ಚು ಬಂತೋ ಅದರಂತೆ ಸಾಲಿನ ನಡುವೆಯೇ ಬದಲಾವಣೆ. ಆದ್ದರಿಂದಲೇ ಇಂದು ಹಳೆಯ ಎಲಾನ್ ದುರಸ್ತಿ ಮಾಡುವವರು ತಯಾರಿಯ ವರ್ಷವನ್ನು ನಂಬುವುದಿಲ್ಲ, ಚಾಸಿ ಸಂಖ್ಯೆ ನೋಡುತ್ತಾರೆ. ಈ ಚಟುವಟಿಕೆಯಲ್ಲಿ ಜಾಣತನವಿತ್ತು. ಪೂರ್ತಿ ಪರೀಕ್ಷಿಸದ ವಸ್ತುವಿಗೆ ಪೂರ್ತಿ ಬೆಲೆ ಪಡೆಯುವ ಧೈರ್ಯವೂ ಇತ್ತೆಂಬುದನ್ನು ಮರೆಮಾಚುವಂತಿಲ್ಲ.

ರಸ್ತೆಯ ಕಾರಿನಲ್ಲಿ ಈ ಧೈರ್ಯದ ಬೆಲೆ ಎಣ್ಣೆ ಸೋರಿಕೆ. ಪಂದ್ಯದ ಕಾರಿನಲ್ಲಿ ಅದು ಪ್ರಾಣ. 1960ರ ಬೆಲ್ಜಿಯಂ ಗ್ರ್ಯಾನ್ ಪ್ರಿ ಅಭ್ಯಾಸದ ವೇಳೆ ಸ್ಟರ್ಲಿಂಗ್ ಮಾಸ್ ಅವರ ಲೋಟಸ್ಸಿನ ಹಿಂಚಕ್ರ ಕಳಚಿ ಅವರು ತೀವ್ರವಾಗಿ ಗಾಯಗೊಂಡರು. ಮೈಕ್ ಟೇಲರ್ ಅವರ ಲೋಟಸ್ಸಿನ ಸ್ಟಿಯರಿಂಗ್ ಕಂಬ ಮುರಿದು ಅವರ ಪಂದ್ಯಜೀವನವೇ ಮುಗಿಯಿತು. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು. ಅವರ 25 ಗ್ರ್ಯಾನ್ ಪ್ರಿ ಜಯಗಳೂ ಲೋಟಸ್ ಕಾರಿನಲ್ಲಿಯೇ. 1968ರ ಏಪ್ರಿಲ್ 7ರಂದು ಹಾಕೆನ್‌ಹೈಮ್‌ನಲ್ಲಿ ಅವರು ಲೋಟಸ್ ಕಾರಿನಲ್ಲಿಯೇ ಮಡಿದಾಗ ಚಾಪ್‌ಮನ್ ಕುಸಿದುಹೋದರು. 1969ರಲ್ಲಿ ಬಾರ್ಸಿಲೋನಾದಲ್ಲಿ ರೆಕ್ಕೆ ಮುರಿದು ಅಪಘಾತಕ್ಕೀಡಾದ ಯೋಖೆನ್ ರಿಂಟ್, ಕಾರುಗಳು ಇಷ್ಟು ದುರ್ಬಲವಾದರೆ ತಮಗೆ ವಿಶ್ವಾಸ ಉಳಿಯದೆಂದು ಪತ್ರ ಬರೆದು ಚಾಪ್‌ಮನ್ನರನ್ನು ಎಚ್ಚರಿಸಿದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಮಾಂಜಾದಲ್ಲಿ ಅವರು ತೀರಿಕೊಂಡರು. ಆ ವರ್ಷದ ವಿಶ್ವ ಪ್ರಶಸ್ತಿ ಸತ್ತವರ ಹೆಸರಿಗೆ ಹೋಯಿತು. ತಯಾರಕರ ಚಾಂಪಿಯನ್‌ಶಿಪ್ ಏಳು ಬಾರಿ ಲೋಟಸ್‌ಗೆ ದಕ್ಕಿತು. ಎರಡೂ ಪಟ್ಟಿಗಳನ್ನು ಒಟ್ಟಿಗೆ ಓದಿದರೆ ಮಾತ್ರ ಈ ಮನುಷ್ಯನ ಚಿತ್ರ ಪೂರ್ಣವಾಗುತ್ತದೆ.

1966ರಲ್ಲಿ ಸಂಸ್ಥೆ ನಾರ್ಫಕ್‌ನ ಹೆಥೆಲ್ ಎಂಬಲ್ಲಿನ ಹಳೆಯ ಯುದ್ಧ ವಿಮಾನ ನಿಲ್ದಾಣಕ್ಕೆ ಸ್ಥಳಾಂತರಗೊಂಡಿತು. 1973ರಲ್ಲಿ ಖರೀದಿ ತೆರಿಗೆಯ ಬದಲು ಮೌಲ್ಯವರ್ಧಿತ ತೆರಿಗೆ ಬಂದು, ಬಿಡಿಬಿಡಿ ಕಾರಿನ ಲಾಭ ಇಲ್ಲವಾಯಿತು. ಎಲಾನ್ ನಿಂತಿತು; ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ಚಾಪ್‌ಮನ್ ದುಬಾರಿ ಕಾರುಗಳತ್ತ ಹೊರಳಿದರು.

1978ರಲ್ಲಿ ಅಮೆರಿಕದ ಜಾನ್ ಡಿಲೋರಿಯನ್ ತಮ್ಮ ಕಾರಿನ ವಿನ್ಯಾಸವನ್ನು ಲೋಟಸ್‌ಗೆ ಒಪ್ಪಿಸಿದರು. ಬೆಲ್‌ಫಾಸ್ಟ್ ಸಮೀಪದ ಆ ಕಾರ್ಖಾನೆಗೆ ಬ್ರಿಟಿಷ್ ಸರ್ಕಾರ ಸಾರ್ವಜನಿಕ ಹಣ ಸುರಿದಿತ್ತು. 1982ರಲ್ಲಿ ಅದು ದಿವಾಳಿಯಾಯಿತು. ಆ ವರ್ಷದ ಆಗಸ್ಟಿನಲ್ಲಿ ಆಸ್ಟ್ರಿಯಾದಲ್ಲಿ ಎಲಿಯೊ ಡಿ ಆಂಜಲಿಸ್ ಕೂದಲೆಳೆಯ ಅಂತರದಲ್ಲಿ ಗೆದ್ದಾಗ ಚಾಪ್‌ಮನ್ ಎಂದಿನಂತೆ ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ಎಸೆದರು. ಅದು ಅವರು ಕಂಡ ಕೊನೆಯ ಗೆಲುವು. ಡಿಸೆಂಬರ್ 16ರಂದು ಹೃದಯಾಘಾತದಿಂದ ನಿಧನರಾದಾಗ ಅವರಿಗೆ 54 ವರ್ಷ.

ಡಿಲೋರಿಯನ್ ಹಣದಲ್ಲಿ ದೊಡ್ಡ ಮೊತ್ತವೊಂದು ಜಿನೀವಾದ ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ಬೇರೆಡೆಗೆ ಹರಿದಿತ್ತೆಂದು ತನಿಖೆಯಲ್ಲಿ ಬಯಲಾಯಿತು. 1992ರಲ್ಲಿ ಲೋಟಸ್‌ನ ಹಣಕಾಸು ನೋಡುತ್ತಿದ್ದ ಫ್ರೆಡ್ ಬುಶೆಲ್ ತಪ್ಪೊಪ್ಪಿಕೊಂಡು ಮೂರು ವರ್ಷ ಸೆರೆಗೆ ಹೋದರು. ಚಾಪ್‌ಮನ್ ಬದುಕಿದ್ದು ಕಟಕಟೆಯಲ್ಲಿ ನಿಂತಿದ್ದರೆ ಕನಿಷ್ಠ ಹತ್ತು ವರ್ಷಗಳ ಶಿಕ್ಷೆಯಾಗುತ್ತಿತ್ತೆಂದು ನ್ಯಾಯಾಧೀಶರು ಅಂದು ಅಭಿಪ್ರಾಯಪಟ್ಟರು.

ಎಲಾನ್ ಮಾಲೀಕರು ಮಾತ್ರ ಅವರ ಅಪೂರ್ಣ ಕೆಲಸವನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ತುಕ್ಕು ಹಿಡಿದ ಬೆನ್ನೆಲುಬಿಗೆ ಬದಲಾಗಿ ಸತುವಿನ ಲೇಪದ ಚಾಸಿ ಬಂದಿದೆ, ರಬ್ಬರ್ ಬಳೆಗಳ ಜಾಗದಲ್ಲಿ ಲೋಹದ ಕೀಲುಗಳು ಕೂತಿವೆ. ತೂಕ ಸ್ವಲ್ಪ ಹೆಚ್ಚಾದರೆ ಅವರು ಅದನ್ನು ಸಹಿಸಿಕೊಳ್ಳುತ್ತಾರೆ.