ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಗಣಕಕಾರ್ಯ

ಅರೇಹಳ್ಳಿಯ ಕಾಫಿ ತೋಟಗಳ ನೆರೆಸೀಮೆಯಾದ ಮೂಡಿಗೆರೆಯನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು 1938ರ ಸೆಪ್ಟೆಂಬರ್ 8ರಂದು ಮಹಾಕವಿ ಕುವೆಂಪು ಅವರ ಜ್ಯೇಷ್ಠ ಪುತ್ರರಾಗಿ ಜನಿಸಿದರು. ಮೈಸೂರಿನಲ್ಲಿ ವಿದ್ಯಾಭ್ಯಾಸ ಮುಗಿಸಿ, ನೌಕರಿಯನ್ನು ಬಯಸದೆ ಕೃಷಿಯನ್ನು ಆಶ್ರಯಿಸಿದರು. ‘ಕರ್ವಾಲೊ’ ಕಾದಂಬರಿಯ ಕರ್ತೃವೆಂದು, ಪಕ್ಷಿಗಳ ಛಾಯಾಗ್ರಾಹಕರೆಂದು ನಾಡು ಅವರನ್ನು ಬಲ್ಲದು. ಕೊನೆಯ ವರ್ಷಗಳ ಅವರ ಗಣಕಚಿಂತನೆಯನ್ನು ಬಲ್ಲವರು ವಿರಳ.

ಆಗ ಒಂದು ಗಣಕಯಂತ್ರದಲ್ಲಿ ಬೆರಳಚ್ಚಿಸಿದ ಕನ್ನಡ ಮತ್ತೊಂದರಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತಿತ್ತು. ತಯಾರಕನಿಗೊಂದು ಅಕ್ಷರಸಂಕೇತ! ಭಾಷೆಯೊಂದರ ಭವಿಷ್ಯ ಪರರ ಬೀಗದೊಳಗೆ ಸಿಲುಕಕೂಡದೆಂಬುದು ತೇಜಸ್ವಿಯವರ ಕಳಕಳಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ಕ್ಕೆ ಅವರ ಒತ್ತಾಸೆಯಿತ್ತು, ಅದನ್ನು ರೂಪಿಸಿದವರು ಹಾಸನದ ತಂತ್ರಜ್ಞರೆಂಬುದು ಈ ಜಿಲ್ಲೆಗೆ ಅಭಿಮಾನದ ಸಂಗತಿ.

ಬೀಗವಿಲ್ಲದ ವ್ಯವಸ್ಥೆಗಳೂ ಅಷ್ಟರಲ್ಲಿ ಬೆಳೆಯುತ್ತಿದ್ದವು. ಯುನಿಕ್ಸ್ ಮಾದರಿಯ ಡೆಬಿಯನ್ ಲಿನಕ್ಸ್, ಫ್ರೀಬಿಎಸ್‌ಡಿ ಎರಡೂ 1993ರಲ್ಲಿ ಆರಂಭವಾದವು. ಸರ್ವರ್‌ಗಳಿಗೆ ಎರಡೂ ಯೋಗ್ಯ. ಲ್ಯಾಪ್‌ಟಾಪಿನ ನಾನಾ ಬಿಡಿಭಾಗಗಳಿಗೆ ಹೊಂದುವುದರಲ್ಲಿ ಲಿನಕ್ಸೇ ಮೇಲು. ಮೂಲಸಂಕೇತ ಬಹಿರಂಗವಾದುದರಿಂದ ಯಾರ ಅಪ್ಪಣೆಯನ್ನೂ ಕಾಯದೆ ಅವುಗಳಲ್ಲಿ ಕನ್ನಡವನ್ನು ಅಳವಡಿಸಬಹುದು. ವಿದ್ಯಾದಾಸೋಹವೆಂದರೆ ಇದೇ ಅಲ್ಲವೆ?

ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ನಿಧನರಾದರು.