ಬರಿಗಾಲಿನ ಕಲಾವಿದ ಅಹ್ಮದ್ ಖಾನ್

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಬಯಲಿನಲ್ಲಿ ಬರಿಗಾಲಿನಿಂದ ಚೆಂಡೊದೆಯುವ ಬಾಲಕರಿಗೆ ಹೇಳಬೇಕಾದ ಜೀವನವೊಂದಿದ್ದರೆ, ಅದು ಬೆಂಗಳೂರಿನ ಅಹ್ಮದ್ ಖಾನರದೆಂದು ನಾನು ಭಾವಿಸುತ್ತೇನೆ.

1926ರಲ್ಲಿ ಜನಿಸಿದ ಅವರಿಗೆ ಕಾಲ್ಚೆಂಡಾಟವು ಮನೆತನದ ವಿದ್ಯೆ, ತಂದೆಯೂ ಆಟಗಾರರೇ. ಊರಿನ ತಂಡಗಳಲ್ಲಿ ಪಳಗಿ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದರು. ಅಂದು ನಮ್ಮವರಲ್ಲಿ ಬಹುಮಂದಿ ಬೂಟಿಲ್ಲದೆಯೇ ಆಡಿ, ಫ್ರಾನ್ಸಿಗೆ 1-2ರಿಂದ ಸೋತರು. ಮರುವರ್ಷ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹ್ಮದ್ ಈ ಐವರ ಮುಂಪಡೆಗೆ ಜನರಿತ್ತ ಹೆಸರು ಪಂಚಪಾಂಡವರು. 1949ರಿಂದ 1951ರವರೆಗೆ ಐ.ಎಫ್.ಎ. ಶೀಲ್ಡು ಸತತವಾಗಿ ಆ ಕ್ಲಬ್ಬಿನ ಪಾಲಾಯಿತು. ಎದುರಾಳಿಯನ್ನು ಮರುಳುಗೊಳಿಸಿ ಚೆಂಡಾಡಿಸುತ್ತಿದ್ದ ಅಹ್ಮದರಿಗೆ ಹಾವಾಡಿಗನೆಂಬ ಬಿರುದೂ ಬಂತು. 1951ರಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

ಆದರೆ ನನ್ನ ಮನಸ್ಸು ನಿಲ್ಲುವುದು 1952ರ ಹೆಲ್ಸಿಂಕಿಯಲ್ಲಿ. ಚಳಿಯ ನಾಡಿನಲ್ಲಿ, ಬೂಟು ತೊಟ್ಟ ಬಲಿಷ್ಠ ಯುಗೋಸ್ಲಾವಿಯದೆದುರು ಭಾರತ 1-10ರಿಂದ ಸೋತಿತು. ಬರಿಗಾಲಿನ ಆಟಕ್ಕೂ ಒಂದು ಮೇರೆಯುಂಟೆಂದು ಅಂದು ದೇಶಕ್ಕೆ ಮನವರಿಕೆಯಾಯಿತು. ಆ ಬಳಿಕ ಬೂಟು ಕಡ್ಡಾಯವಾಯಿತು. ಆದರೆ ಆ ಒಂದು ಗೋಲು? ಆಟ ಮುಗಿಯಲು ಒಂದೇ ನಿಮಿಷವಿದ್ದಾಗ ಅದನ್ನು ಹೊಡೆದವರು ಅಹ್ಮದ್ ಖಾನರು. ಗೆಲುವಿನ ಆಸೆ ಎಂದೋ ಅಳಿದಿತ್ತು; ಆಡುವ ಕರ್ತವ್ಯ ಮಾತ್ರ ಉಳಿದಿತ್ತು.

ಕಲಕತ್ತೆಯಲ್ಲಿ ದಶಕಕಾಲ ಮೆರೆದ ಅವರು 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಶೀಲ್ಡುಗಳ ಎಣಿಕೆ ದಾಖಲೆಗೆ ಸಾಕು. ವಿದ್ಯಾರ್ಥಿಗಳಿಗೆ ನಾನು ಕಲಿಸಬಯಸುವುದು ಸೋತ ಪಂದ್ಯದ ಆ ಕೊನೆಯ ಗೋಲನ್ನು.